ಮುಲುಂಡಿನ ಫ್ಲ್ಯಾಟು, ಕುಂದಾಪುರದ ಗದ್ದೆ: ಪ್ರೊಬೇಟ್ ಇಲ್ಲದೆ ಹೆಸರು ಬದಲಾಯಿಸುವುದು ಹೇಗೆ?

ಪ್ರಶ್ನೆ: ತಂದೆ 2026ರ ಫೆಬ್ರವರಿಯಲ್ಲಿ ತೀರಿಕೊಂಡರು. ತಾಯಿ ನನ್ನ ಜೊತೆ ಮುಲುಂಡಿನಲ್ಲಿದ್ದಾರೆ. ಅಕ್ಕ ಪುಣೆಯಲ್ಲಿ, ತಂಗಿ ದುಬೈಯಲ್ಲಿ. 1994ರಲ್ಲಿ ಕೊಂಡ ಫ್ಲ್ಯಾಟಿನ ಕರಾರು ತಂದೆ-ತಾಯಿ ಇಬ್ಬರ ಹೆಸರಿನಲ್ಲಿದೆ. ತಂದೆ 2019ರಲ್ಲಿ ಕನ್ನಡದಲ್ಲಿ ಕೈಬರಹದ ಉಯಿಲು ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದ್ದರು. ನೋಂದಣಿ ಆಗಿಲ್ಲ. ಅದರಲ್ಲಿ ಮನೆ ತಾಯಿಗೆ, ಬ್ಯಾಂಕಿನ ಹಣ ಇಬ್ಬರು ಹೆಣ್ಣುಮಕ್ಕಳಿಗೆ, ಕುಂದಾಪುರದ ಹತ್ತಿರದ ಗದ್ದೆ-ತೋಟ ನನಗೆ ಎಂದಿದೆ. ರಾಷ್ಟ್ರೀಕೃತ ಬ್ಯಾಂಕಿನಲ್ಲಿ 22 ಲಕ್ಷದ ಎಫ್‌ಡಿ ಇದೆ, ನಾಮಿನಿ ನಾನು. ಸಹಕಾರಿ ಬ್ಯಾಂಕಿನಲ್ಲಿ 4 ಲಕ್ಷ ಇದೆ, ನಾಮಿನಿ ಯಾರೂ ಇಲ್ಲ. ಒಂದಿಷ್ಟು ಶೇರುಗಳೂ ಇವೆ. ನಮ್ಮೊಳಗೆ ಜಗಳವಿಲ್ಲ. ಆದರೂ ಹೌಸಿಂಗ್ ಸೊಸೈಟಿಯವರು ಪ್ರೊಬೇಟ್, ಅಂದರೆ ಉಯಿಲು ಅಸಲಿ ಎಂಬ ಕೋರ್ಟಿನ ದೃಢೀಕರಣ, ತನ್ನಿ ಎನ್ನುತ್ತಿದ್ದಾರೆ. ಕೋರ್ಟಿಗೆ ಹೋಗಲೇಬೇಕೇ? ತಾಯಿಗೆ ವಯಸ್ಸಾಗಿರುವುದರಿಂದ ಫ್ಲ್ಯಾಟನ್ನು ನೇರವಾಗಿ ನನ್ನ ಹೆಸರಿಗೇ ಮಾಡಿಸಬಹುದೇ?

ಉತ್ತರ: ಕೋರ್ಟಿಗೆ ಹೋಗಬೇಕಿಲ್ಲ. ಆದರೆ ಪ್ರೊಬೇಟ್ ಬೇಡ ಅಂದ ಮಾತ್ರಕ್ಕೆ ಕಾಗದಪತ್ರವೂ ಬೇಡ ಎಂದುಕೊಂಡು ಕೈಕಟ್ಟಿ ಕೂರಬೇಡಿ. ನಿಮಗೆ ಈಗ ಬೇಕಾದದ್ದು ನಾಲ್ವರ ಸಹಿ, ಅದೂ ನೋಂದಾಯಿತ ಪತ್ರದ ಮೇಲೆ, ನಾಲ್ವರೂ ಒಮ್ಮನಸ್ಸಿನಲ್ಲಿರುವಾಗಲೇ.

ಸೊಸೈಟಿಯವರ ಬೇಡಿಕೆಯ ಮೂಲ ಹಳೆಯ ಕಾನೂನು. ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ ಸೆಕ್ಷನ್ 213, ಸೆಕ್ಷನ್ 57ರ ಜೊತೆ ಸೇರಿ, ಬೊಂಬಾಯಿ, ಮದ್ರಾಸು, ಕಲ್ಕತ್ತ ಹೈಕೋರ್ಟುಗಳ ಮೂಲ ಸಿವಿಲ್ ವ್ಯಾಪ್ತಿಯೊಳಗೆ ಹಿಂದೂಗಳು ಬರೆದ ಉಯಿಲಿಗೂ, ಆ ವ್ಯಾಪ್ತಿಯ ಸ್ಥಿರಾಸ್ತಿಗೆ ಸಂಬಂಧಿಸಿದ ಉಯಿಲಿಗೂ ಪ್ರೊಬೇಟ್ ಕಡ್ಡಾಯ ಮಾಡಿತ್ತು. ಮುಲುಂಡ್ ಬೃಹನ್ಮುಂಬಯಿಯ ಒಳಗಿದೆ, ಹಾಗಾಗಿ ಅಲ್ಲಿ ಪ್ರೊಬೇಟ್ ಬೇಕಿತ್ತು. ಚೆಕ್‌ನಾಕಾ ದಾಟಿ ಥಾಣೆಗೆ ಹೋದರೆ, ಅಲ್ಲೇ ಬರೆದು ಅಲ್ಲಿನದೇ ಆಸ್ತಿಯ ಬಗ್ಗೆ ಹೇಳುವ ಉಯಿಲಿಗೆ ಬೇಕಿರಲಿಲ್ಲ. ಪುಣೆಯಲ್ಲೂ ಡೊಂಬಿವಲಿಯಲ್ಲೂ ಹಾಗೆಯೇ. ಒಂದೇ ಊರಿನಂತಿರುವ ಎರಡು ಸ್ಟೇಷನ್ನುಗಳ ನಡುವೆ ಈ ಭೇದ ದಶಕಗಳ ಕಾಲ ನಡೆಯಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ರಿಪೀಲಿಂಗ್ ಆ್ಯಂಡ್ ಅಮೆಂಡಿಂಗ್ ಕಾಯ್ದೆ ಸೆಕ್ಷನ್ 213ನ್ನೇ ತೆಗೆದುಹಾಕಿತು. ನಿಮ್ಮ ತಂದೆ ತೀರಿಕೊಂಡದ್ದು ಅದರ ನಂತರ. ಬೇಕೆಂದವರು ಈಗಲೂ ಪ್ರೊಬೇಟ್ ಪಡೆಯಬಹುದು, ಪಡೆಯಲೇಬೇಕು ಎಂದು ಯಾರೂ ಹೇಳುವಂತಿಲ್ಲ.

ಪ್ರೊಬೇಟ್ ಕಡ್ಡಾಯವಲ್ಲ ಅಂದರೆ ಉಯಿಲನ್ನು ಎಂದೂ ರುಜುವಾತು ಮಾಡಬೇಕಿಲ್ಲ ಎಂದಲ್ಲ. ನಾಳೆ ಯಾರಾದರೂ ತಕರಾರೆತ್ತಿದರೆ, ಸಹಿ ಹಾಕಿದ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಬೇಕಾಗುತ್ತದೆ. ನಿಮ್ಮ ಉಯಿಲಿಗೆ ಆಗಲೇ ಏಳು ವರ್ಷ. ಸಾಕ್ಷಿಗಳು ತಂದೆಯ ಓರಗೆಯವರೇ ಆಗಿದ್ದರೆ ಅವರಿಗೂ ವಯಸ್ಸಾಗಿರುತ್ತದೆ, ಊರಿಗೆ ಮರಳಿರಲೂಬಹುದು. ಆದ್ದರಿಂದ ಬೇರೆ ಕೆಲಸಕ್ಕಿಂತ ಮೊದಲು ಅವರಿಬ್ಬರಿಂದ ನೋಟರಿ ಎದುರು ಅಫಿಡವಿಟ್ ಮಾಡಿಸಿಕೊಳ್ಳಿ. ಅದರಲ್ಲಿ ಇರಬೇಕಾದ ಮಾತು ಇಷ್ಟೇ: ಇಂಥ ದಿನ, ಇಂಥ ಜಾಗದಲ್ಲಿ ಉಯಿಲು ಬರೆದವರು ನನ್ನ ಕಣ್ಣೆದುರು ಸಹಿ ಹಾಕಿದರು, ಅವರ ಎದುರಿನಲ್ಲಿ ನಾನು ಸಹಿ ಹಾಕಿದೆ, ಆಗ ಅವರ ಬುದ್ಧಿ ಸ್ವಸ್ಥವಾಗಿತ್ತು, ಯಾರ ಒತ್ತಾಯವೂ ಇರಲಿಲ್ಲ. ಇಬ್ಬರು ಸಾಕ್ಷಿಗಳೂ ಒಟ್ಟಿಗೇ ಇರಬೇಕಿತ್ತು ಎಂಬ ನಿಯಮವಿಲ್ಲ. 1925ರ ಅದೇ ಕಾಯ್ದೆಯ ಸೆಕ್ಷನ್ 63ರ ಪ್ರಕಾರ ಬೇರೆ ಬೇರೆ ಹೊತ್ತಿನಲ್ಲಿ ಸಹಿ ಮಾಡಿದ್ದರೂ ನಡೆಯುತ್ತದೆ. ನಡೆದದ್ದು ಹೇಗೋ ಹಾಗೆಯೇ ಬರೆಯಿಸಿ.

ಅಸಲು ಉಯಿಲನ್ನು ಯಾರ ಕೈಗೂ ಬಿಟ್ಟುಕೊಡಬೇಡಿ. ಜೆರಾಕ್ಸ್ ಮಾಡಿಸುವಾಗ ಪಿನ್ನನ್ನೂ ಕಿತ್ತುಹಾಕಬೇಡಿ. ಹಾಳೆಗಳ ಮೂಲೆಯಲ್ಲಿ ಎರಡು ಜೊತೆ ತೂತುಗಳು ಕಂಡರೆ ನಡುವಿನ ಹಾಳೆ ಬದಲಾಗಿದೆ ಎಂಬ ವಾದಕ್ಕೆ ಅದೇ ಆಧಾರವಾಗುತ್ತದೆ. ಕನ್ನಡದ ಉಯಿಲಾದ್ದರಿಂದ ಮರಾಠಿ ಅಥವಾ ಇಂಗ್ಲಿಷಿಗೆ ಅನುವಾದ ಮಾಡಿಸಿ, ಅನುವಾದಕರ ದೃಢೀಕರಣ ಸೇರಿಸಿ ನೋಟರಿ ಮಾಡಿಸಿಡಿ. ಸೊಸೈಟಿಗೂ ಬ್ಯಾಂಕಿಗೂ ಕೊಡುವುದು ಆ ಪ್ರತಿಯನ್ನೇ.

ಇನ್ನು ಪಾಲಿನ ಲೆಕ್ಕ. ಕರಾರು ಇಬ್ಬರ ಹೆಸರಿನಲ್ಲಿದೆ. ಪಾಲು ಇಷ್ಟಿಷ್ಟು ಎಂದು ಬೇರೆ ಬರೆದಿರದಿದ್ದರೆ ಅರ್ಧ ಮನೆ ಮೊದಲಿನಿಂದಲೂ ತಾಯಿಯದು. ತಂದೆ ಉಯಿಲಿನಲ್ಲಿ ಕೊಡಬಹುದಾಗಿದ್ದದ್ದು ತಮ್ಮ ಅರ್ಧವನ್ನು ಮಾತ್ರ. ಉಯಿಲು ನಿಂತರೆ ಆ ಅರ್ಧವೂ ಸೇರಿ ಪೂರ್ತಿ ಮನೆ ತಾಯಿಯದಾಗುತ್ತದೆ. ಉಯಿಲು ಬಿದ್ದುಹೋದರೆ ಅಥವಾ ಇಲ್ಲದೇ ಇದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಸೆಕ್ಷನ್ 8 ಅನ್ವಯಿಸುತ್ತದೆ. ಆಗ ತಂದೆಯ ಅರ್ಧ ನಾಲ್ಕು ಸಮಪಾಲಾಗಿ ನಿಮಗೆ, ಅಕ್ಕನಿಗೆ, ತಂಗಿಗೆ ಇಡೀ ಮನೆಯ ಎಂಟನೇ ಒಂದು ಭಾಗ, ತಾಯಿಗೆ ಎಂಟರಲ್ಲಿ ಐದು ಭಾಗ ಬರುತ್ತದೆ.

ನೀವು ಬರೆಯದೇ ಬಿಟ್ಟ ಒಂದು ವಿಷಯ ಮುಖ್ಯವಾದದ್ದು: ತಂದೆಯ ತಾಯಿ ಬದುಕಿದ್ದಾರೆಯೇ? ಮುಂಬಯಿ ಮನೆಗಳಲ್ಲಿ ಇದನ್ನು ಮರೆಯುವವರೇ ಹೆಚ್ಚು, ಏಕೆಂದರೆ ಅಜ್ಜಿ ಊರಲ್ಲಿರುತ್ತಾರೆ. ಮಗನ ಆಸ್ತಿಯಲ್ಲಿ ತಾಯಿ ಮೊದಲ ದರ್ಜೆಯ ವಾರಸುದಾರಳು, ಹೆಂಡತಿ-ಮಕ್ಕಳಷ್ಟೇ ಸಮಪಾಲು ಅವರಿಗೂ ಇದೆ. ತಂದೆ ತೀರಿಕೊಂಡ ದಿನ ಅಜ್ಜಿ ಇದ್ದು ಆಮೇಲೆ ಹೋದರೆ, ಅವರ ಪಾಲು ಅವರ ಎಲ್ಲ ಮಕ್ಕಳಿಗೂ ಇಳಿಯುತ್ತದೆ. ಅಂದರೆ ಉಯಿಲಿಗೆ ಒಳಪಡದ ಆಸ್ತಿಗೆ ದೊಡ್ಡಪ್ಪ, ಅತ್ತೆಯರ ಸಹಿಯೂ ಬೇಕಾಗುತ್ತದೆ. ಅಜ್ಜಿ ಇದ್ದರೆ ಕೆಳಗೆ ಹೇಳುವ ಎಲ್ಲ ಪತ್ರಗಳಿಗೂ ಅವರ ಸಹಿ ಈಗಲೇ ಆಗಲಿ.

ಈಗ ಸೊಸೈಟಿಗೆ ಬನ್ನಿ. ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ ಸೆಕ್ಷನ್ 154ಬಿ-13 ಸದಸ್ಯರ ಮರಣಾನಂತರದ ವರ್ಗಾವಣೆಗೆ ಆಧಾರವಾಗಬಹುದಾದ ದಾಖಲೆಗಳನ್ನು ಹೆಸರಿಸಿದೆ: ಉಯಿಲಿನಂಥ ದಾಖಲೆ, ಉತ್ತರಾಧಿಕಾರ ಪ್ರಮಾಣಪತ್ರ, ವಾರಸು ಪ್ರಮಾಣಪತ್ರ, ವಾರಸುದಾರರೆಲ್ಲ ಸೇರಿ ಮಾಡಿಕೊಂಡ ಕುಟುಂಬ ಒಪ್ಪಂದ, ಅಥವಾ ನಾಮಿನೇಶನ್. ಪ್ರೊಬೇಟ್ ಒಂದೇ ದಾರಿ ಎಂದು ಅದರಲ್ಲಿಲ್ಲ. ನಾಮಿನಿಯನ್ನು ಸೇರಿಸಿಕೊಳ್ಳುವುದು ತಾತ್ಕಾಲಿಕ ಸದಸ್ಯರಾಗಿ, ಕಾನೂನುಬದ್ಧ ವಾರಸುದಾರರು ಬರುವತನಕ ಮಾತ್ರ. ಕಾರ್ಯದರ್ಶಿಗೆ ಬಾಯಿಮಾತಿನಲ್ಲಿ ವಾದಿಸಬೇಡಿ. ಮರಣ ಪ್ರಮಾಣಪತ್ರ, ಉಯಿಲಿನ ಪ್ರತಿ ಮತ್ತು ಅನುವಾದ, ಸೊಸೈಟಿಯ ಶೇರ್ ಸರ್ಟಿಫಿಕೇಟು, ಇಂಡೆಮ್ನಿಟಿ ಬಾಂಡ್ (ಮುಂದೆ ನಷ್ಟವಾದರೆ ತುಂಬಿಕೊಡುತ್ತೇವೆ ಎಂಬ ಮುಚ್ಚಳಿಕೆ), ಮೂವರು ಮಕ್ಕಳ ಒಪ್ಪಿಗೆ ಅಫಿಡವಿಟ್ ಜೋಡಿಸಿ ತಾಯಿಯ ಅರ್ಜಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ. ಮುಲುಂಡ್ ಟಿ ವಾರ್ಡ್, ಅಲ್ಲಿನ ಸಹಕಾರಿ ಸಂಘಗಳ ಡೆಪ್ಯುಟಿ ರಿಜಿಸ್ಟ್ರಾರರಿಗೆ ದೂರು ಕೊಡಬಹುದು. ನಾಮಿನೇಶನ್ ಇಲ್ಲದ ಸಂದರ್ಭದಲ್ಲಿ ಸೊಸೈಟಿ ನೋಟಿಸ್ ಬೋರ್ಡಿನಲ್ಲೂ ಎರಡು ಸ್ಥಳೀಯ ಪತ್ರಿಕೆಗಳಲ್ಲೂ ಪ್ರಕಟಣೆ ಕೊಟ್ಟು ಆಕ್ಷೇಪ ಕರೆಯುವುದು ಮಾದರಿ ಉಪವಿಧಿಯ (ಬೈಲಾ) ಕ್ರಮ. ಅದಕ್ಕೆ ಬೇಸರಪಡಬೇಡಿ, ಆ ಕತ್ತರಿಕೆಗಳು ಮುಂದೆ ನಿಮಗೇ ದಾಖಲೆಯಾಗುತ್ತವೆ. ವಾರಸುದಾರರಿಗೆ ವರ್ಗಾಯಿಸುವಾಗ 25,000 ರೂಪಾಯಿಯ ಟ್ರಾನ್ಸ್‌ಫರ್ ಪ್ರೀಮಿಯಂ ಕೇಳುವಂತಿಲ್ಲ.

ಶೇರ್ ಸರ್ಟಿಫಿಕೇಟಿನ ಹಿಂಬದಿಯಲ್ಲಿ ಹೆಸರು ಬಂದ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳುವ ಮನೆಗಳು ಲೆಕ್ಕವಿಲ್ಲದಷ್ಟು. ಅಲ್ಲೇ ಎಡವುವುದು. ಸೊಸೈಟಿಯ ದಾಖಲೆ ಸದಸ್ಯತ್ವವನ್ನು ಹೇಳುತ್ತದೆ, ಒಡೆತನವನ್ನು ತೀರ್ಮಾನಿಸುವುದಿಲ್ಲ. ಸುಪ್ರೀಂ ಕೋರ್ಟ್ 2016ರ ಇಂದ್ರಾಣಿ ವಾಹಿ ಪ್ರಕರಣದಲ್ಲಿ, ಸೊಸೈಟಿ ನಾಮಿನಿಯ ಹೆಸರಿಗೆ ವರ್ಗಾಯಿಸಲೇಬೇಕು, ಆದರೆ ಉಳಿದ ವಾರಸುದಾರರ ಹಕ್ಕು ಮುಕ್ತವಾಗಿಯೇ ಇರುತ್ತದೆ ಎಂದಿತು. ಹತ್ತು ವರ್ಷದ ಬಳಿಕ ಮನೆ ಮಾರಲು ಅಥವಾ ಪುನರಾಭಿವೃದ್ಧಿಗೆ ಹೋದಾಗ ಖರೀದಿದಾರರ ಬ್ಯಾಂಕಿನ ವಕೀಲರು 1994ರಿಂದ ಹಕ್ಕಿನ ಸರಪಳಿ ಕೇಳುತ್ತಾರೆ. ಅಷ್ಟರಲ್ಲಿ ಒಬ್ಬ ವಾರಸುದಾರರು ತೀರಿಕೊಂಡಿದ್ದರೆ ಅವರ ಸಂಗಾತಿ, ಮಕ್ಕಳೆಲ್ಲರ ಸಹಿ ಬೇಕು. ಅವರಲ್ಲೊಬ್ಬರು ಅಪ್ರಾಪ್ತರಾಗಿದ್ದರೆ ಸಹಿಯೇ ಸಾಲದು: ಅವರ ಸ್ಥಿರಾಸ್ತಿ ಪಾಲನ್ನು ಬಿಟ್ಟುಕೊಡಲು ಹಿಂದೂ ಅಪ್ರಾಪ್ತರ ಮತ್ತು ಪಾಲಕತ್ವ ಕಾಯ್ದೆಯ ಸೆಕ್ಷನ್ 8ರಡಿ ನ್ಯಾಯಾಲಯದ ಅನುಮತಿ ಬೇಕು. ಈಗ ತಪ್ಪಿಸಿಕೊಂಡ ಕೋರ್ಟು ಆಗ ಎದುರಾಗುತ್ತದೆ.

ಹಾಗಾಗದಂತೆ ಮಾಡುವುದು ರಿಲೀಸ್ ಡೀಡ್, ಇಲ್ಲಿನವರ ಬಾಯಲ್ಲಿ ಹಕ್ಕಸೋಡ ಪತ್ರ. ನೀವು ಮೂವರು ಮಕ್ಕಳು ತಾಯಿಯ ಪರವಾಗಿ ಬರೆದುಕೊಡಿ. ತಂದೆಯ ಉಯಿಲನ್ನು ನಾವು ಒಪ್ಪಿದ್ದೇವೆ, ಉತ್ತರಾಧಿಕಾರದಿಂದ ನಮಗೇನಾದರೂ ಪಾಲು ಬರುವಂತಿದ್ದರೂ ಅದನ್ನು ತಾಯಿಗೆ ಪ್ರತಿಫಲವಿಲ್ಲದೆ ಬಿಟ್ಟುಕೊಟ್ಟಿದ್ದೇವೆ ಎಂಬ ಎರಡೂ ಮಾತು ಅದರಲ್ಲಿರಲಿ. ಆಗ ಮುಂದೊಂದು ದಿನ ಉಯಿಲಿನ ಬಗ್ಗೆ ಪ್ರಶ್ನೆ ಬಂದರೂ ತಾಯಿಯ ಹಕ್ಕು ಅಲುಗಾಡುವುದಿಲ್ಲ. ಬಿಟ್ಟುಕೊಡುತ್ತಿರುವುದು ತಂದೆಯ ಅರ್ಧದಲ್ಲಿನ ಪಾಲು ಎಂದು ಸ್ಪಷ್ಟವಾಗಿ ಬರೆಯಿಸಿ, ಇಡೀ ಫ್ಲ್ಯಾಟು ಎಂದಲ್ಲ. ಷೆಡ್ಯೂಲಿನಲ್ಲಿ ಫ್ಲ್ಯಾಟ್ ಸಂಖ್ಯೆ, ವಿಸ್ತೀರ್ಣ, ಸಿಟಿಎಸ್ (ನಗರ ಸರ್ವೆ) ಸಂಖ್ಯೆ, ಶೇರ್ ಸರ್ಟಿಫಿಕೇಟಿನ ಸಂಖ್ಯೆ, ಶೇರುಗಳ ಕ್ರಮಾಂಕ ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂಬುದು ಇರಬೇಕು. ಹಳೆಯ ಕರಾರಿನಲ್ಲಿ ತಂದೆಯ ಹೆಸರು ಹೇಗಿದೆಯೋ ಹಾಗೆಯೇ ಇಲ್ಲಿಯೂ ಬರಲಿ.

ಕುಟುಂಬದೊಳಗಿನ ಇಂಥ ಬಿಡುಗಡೆ ಪತ್ರಕ್ಕೆ ಮಹಾರಾಷ್ಟ್ರದಲ್ಲಿ ಮುದ್ರಾಂಕ ಶುಲ್ಕ 500 ರೂಪಾಯಿ, 2024ರ ಅಕ್ಟೋಬರ್ ತನಕ 200 ಇತ್ತು. ಪತ್ರದಲ್ಲಿ ಹಣದ ಪ್ರಸ್ತಾಪ ಬಂದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಕ್ರಯಪತ್ರದ ದರವೇ ಬೀಳುತ್ತದೆ. ಇನ್ನೊಂದು ತಪ್ಪು, ಸಹ-ಹಕ್ಕುದಾರರಲ್ಲದವರ ಪರವಾಗಿ ಬಿಡುಗಡೆ ಬರೆಯುವುದು. ಸೊಸೆಯ ಹೆಸರಿಗೆ, ಮೊಮ್ಮಗನ ಹೆಸರಿಗೆ ಬರೆದರೆ ಅದು ಬಿಡುಗಡೆಯಾಗದು, ದಾನಪತ್ರ ಎಂದು ಎಣಿಕೆಯಾಗುತ್ತದೆ. ಸಹಿಯಾದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಗುರುತಿನ ಚೀಟಿಯೊಂದಿಗೆ ಇಬ್ಬರು ಸಾಕ್ಷಿಗಳನ್ನು ಕರೆದೊಯ್ಯಿರಿ. ಫೋಟೊ, ಹೆಬ್ಬೆರಳಿನ ಗುರುತು ಅಲ್ಲೇ ತೆಗೆಯುತ್ತಾರೆ. ಹೊರಡುವ ಮುನ್ನ ಇಂಡೆಕ್ಸ್-2, ಅಂದರೆ ನೋಂದಣಿಯ ಸಾರಾಂಶದ ಪ್ರತಿ, ಕೈಗೆ ಬಂತೇ, ಹೆಸರುಗಳ ಕಾಗುಣಿತ ಸರಿಯಿದೆಯೇ ನೋಡಿ.

ದುಬೈಯಲ್ಲಿರುವ ತಂಗಿ ಬರಲಾಗದಿದ್ದರೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ನಿರ್ದಿಷ್ಟ ಅಧಿಕಾರಪತ್ರ ಮಾಡಿಸಲಿ. ಅದರಲ್ಲಿ ಈ ಫ್ಲ್ಯಾಟಿನ ವಿವರ, ತಾಯಿಯ ಪರ ಬಿಡುಗಡೆ, ನೋಂದಣಿಗೆ ಹಾಜರಾಗುವ ಅಧಿಕಾರ ಮೂರೂ ಇರಬೇಕು. ಪತ್ರ ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಲಕೋಟೆಯನ್ನೂ ಎತ್ತಿಡಿ, ತಲುಪಿದ ದಿನಾಂಕಕ್ಕೆ ಅದೇ ಸಾಕ್ಷಿ.

ಬ್ಯಾಂಕಿನ ವಿಷಯ ಈಗ ಬಹಳ ಸುಲಭವಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಮೃತ ಗ್ರಾಹಕರ ಖಾತೆಗಳ ಬಗ್ಗೆ ಹೊರಡಿಸಿದ ನಿರ್ದೇಶನವನ್ನು ಬ್ಯಾಂಕುಗಳು 2026ರ ಮಾರ್ಚ್ 31ರೊಳಗೆ ಜಾರಿಗೆ ತರಬೇಕಿತ್ತು. ನಾಮಿನಿ ಇದ್ದರೆ ಮೊತ್ತ ಎಷ್ಟೇ ಇರಲಿ, ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ದಾಖಲೆ ಸಾಕು. ಉತ್ತರಾಧಿಕಾರ ಪ್ರಮಾಣಪತ್ರವನ್ನಾಗಲಿ, ಜಾಮೀನನ್ನಾಗಲಿ ಕೇಳುವಂತಿಲ್ಲ. ನಾಮಿನಿ ಇಲ್ಲದಿದ್ದರೆ ವಾಣಿಜ್ಯ ಬ್ಯಾಂಕಿನಲ್ಲಿ 15 ಲಕ್ಷ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಸರಳ ವಿಧಾನ: ಇಂಡೆಮ್ನಿಟಿ ಬಾಂಡ್, ಹಣ ಬೇಡವೆನ್ನುವ ವಾರಸುದಾರರ ಒಪ್ಪಿಗೆ, ಮತ್ತು ವಾರಸು ಪ್ರಮಾಣಪತ್ರ ಅಥವಾ ಕುಟುಂಬವನ್ನು ಬಲ್ಲ, ಹಣದಲ್ಲಿ ಪಾಲಿಲ್ಲದ ಒಬ್ಬರ ಘೋಷಣೆ. ನಿಮ್ಮ 4 ಲಕ್ಷ ಈ ಮಿತಿಯೊಳಗಿದೆ. ಎಲ್ಲ ಕಾಗದ ಕೊಟ್ಟ 15 ದಿನಗಳಲ್ಲಿ ಇತ್ಯರ್ಥವಾಗಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ನಿಗದಿಪಡಿಸುವ ‘ಬ್ಯಾಂಕ್ ದರ’ದ ಮೇಲೆ ಶೇ. 4ರಷ್ಟು ಸೇರಿಸಿ ಬಡ್ಡಿ ಕೊಡಬೇಕಾಗುತ್ತದೆ. ಆದ್ದರಿಂದ ಕಾಗದ ಕೊಟ್ಟ ದಿನದ ಸ್ವೀಕೃತಿ ತಪ್ಪದೆ ಪಡೆಯಿರಿ.

22 ಲಕ್ಷ ನಿಮ್ಮ ಖಾತೆಗೆ ಬರುತ್ತದೆ, ಆದರೆ ಅದು ನಿಮ್ಮ ಹಣವಲ್ಲ. ನಾಮಿನಿ ಬರೀ ಸ್ವೀಕರಿಸುವವನು ಎಂಬುದನ್ನು ಸುಪ್ರೀಂ ಕೋರ್ಟ್ 1984ರ ಸರ್ಬತಿ ದೇವಿ ಪ್ರಕರಣದಿಂದ 2023ರ ಶಕ್ತಿ ಯೆಜ್ದಾನಿ ತೀರ್ಪಿನವರೆಗೆ ಹೇಳುತ್ತಲೇ ಬಂದಿದೆ. ಉಯಿಲಿನ ಪ್ರಕಾರ ಅದು ಅಕ್ಕ-ತಂಗಿಯರದು. ಬಂದ ವಾರದೊಳಗೆ ಬ್ಯಾಂಕ್ ಮೂಲಕವೇ ಅರ್ಧರ್ಧ ವರ್ಗಾಯಿಸಿ, ಉಯಿಲಿನಂತೆ ನಮ್ಮ ಪಾಲು ಸಂದಿದೆ ಎಂದು ಇಬ್ಬರಿಂದ ಬರೆಯಿಸಿಕೊಳ್ಳಿ. ಉಯಿಲಿನಿಂದ ಬಂದ ಹಣಕ್ಕೆ ಅವರು ಆದಾಯ ತೆರಿಗೆ ಕಟ್ಟಬೇಕಿಲ್ಲ. ತಂದೆಯ ಎಟಿಎಂ ಕಾರ್ಡನ್ನಾಗಲಿ, ಫೋನಿನ ಪಿನ್ನನ್ನಾಗಲಿ ದಯವಿಟ್ಟು ಬಳಸಬೇಡಿ. ಆಸ್ಪತ್ರೆಯ ಬಿಲ್ಲಿಗೆಂದು ತೆಗೆದ ಹಣವೂ ಮರಣದ ದಿನಾಂಕದ ನಂತರದ್ದಾಗಿದ್ದರೆ ಅನುಮಾನಕ್ಕೆ ದಾರಿಯಾಗುತ್ತದೆ.

ಶೇರುಗಳ ಬಗ್ಗೆ ಉಯಿಲು ಏನನ್ನೂ ಹೇಳಿಲ್ಲ. "ಬ್ಯಾಂಕಿನ ಹಣ" ಎಂಬ ಮಾತಿನೊಳಗೆ ಶೇರು ಬರುವುದಿಲ್ಲ. ಉಳಿಕೆ ಆಸ್ತಿ ಇಂಥವರಿಗೆ ಎಂಬ ಸಾಲೂ ಇಲ್ಲದಿದ್ದರೆ ಅವು ನಾಲ್ವರಿಗೂ ಕಾಲುಕಾಲು, ಅಜ್ಜಿ ಇದ್ದರೆ ಐವರಿಗೆ. ಒಬ್ಬರ ಹೆಸರಿಗೆ ಮಾಡಿಸುವುದಾದರೆ ಉಳಿದವರ ನಿರಾಕ್ಷೇಪಣೆ ಬೇಕು. ನಾಮಿನಿ ಇಲ್ಲದ ಡಿಮ್ಯಾಟ್ ಖಾತೆಗೆ 15 ಲಕ್ಷ, ಕಾಗದದ ಶೇರುಗಳಿಗೆ ಪ್ರತಿ ಕಂಪನಿಗೆ 5 ಲಕ್ಷದವರೆಗೆ ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ಸರಳ ವಿಧಾನವಿದೆ. ಹಳೆಯ ಕಾಗದದ ಶೇರುಗಳ ಡಿವಿಡೆಂಡ್ ಏಳು ವರ್ಷ ಸತತವಾಗಿ ಪಡೆಯದಿದ್ದರೆ ಶೇರುಗಳೇ ಐಇಪಿಎಫ್‌ಗೆ, ಅಂದರೆ ಕೇಂದ್ರ ಸರ್ಕಾರದ ಹೂಡಿಕೆದಾರರ ನಿಧಿಗೆ, ಹೋಗಿರುತ್ತವೆ. ಅಲ್ಲಿಂದ ತರಿಸಲು ಐಇಪಿಎಫ್-5 ಅರ್ಜಿ ಹಾಕಬೇಕು.

ಕುಂದಾಪುರದ ಭೂಮಿಗೆ ಮೊದಲು ಪಹಣಿ ತೆಗೆದು ಅದು ತಂದೆಗೆ ಬಂದದ್ದು ಹೇಗೆ ಎಂದು ನೋಡಿ. ಕ್ರಯಕ್ಕೆ ಪಡೆದದ್ದಾದರೆ ಉಯಿಲಿನಂತೆ ನಿಮ್ಮದು. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿಯಿಂದ ಅಕ್ಕ-ತಂಗಿಯರೂ ಹುಟ್ಟಿನಿಂದಲೇ ಪಾಲುದಾರರು. 2020ರ ವಿನೀತಾ ಶರ್ಮಾ ತೀರ್ಪು ಇದನ್ನು ಖಚಿತಪಡಿಸಿದೆ. ಆಗ ತಂದೆಯ ಉಯಿಲು ಅವರ ಸ್ವಂತ ಪಾಲಿಗಷ್ಟೇ ಅನ್ವಯಿಸುತ್ತದೆ. ಭೂಸುಧಾರಣೆಯ ಕಾಲಕ್ಕೆ ಗೇಣಿದಾರರಾಗಿ ಡಿಕ್ಲರೇಶನ್ ಕೊಟ್ಟು ಪಡೆದ ಗದ್ದೆಯಾದರೆ ಭೂನ್ಯಾಯ ಮಂಡಳಿಯ ಆದೇಶ ತೆಗೆಸಿ; ಅದು ಒಬ್ಬರಿಗೇ ಸಿಕ್ಕಿದ್ದೋ ಕುಟುಂಬದ ಪರವಾಗಿ ಸಿಕ್ಕಿದ್ದೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಕ್ಕ-ತಂಗಿಯರ ಬಿಡುಗಡೆ ಬೇಕಾದರೆ ಅದಕ್ಕೆ ಬೇರೆ ಪತ್ರ ಮಾಡಿಸಿ ಕರ್ನಾಟಕದಲ್ಲೇ ನೋಂದಾಯಿಸಿ. ಮುಂಬಯಿಯ ಪತ್ರದಲ್ಲಿ ಇದನ್ನೂ ಸೇರಿಸಲು ಹೋಗಬೇಡಿ. ನಂತರ ಖಾತೆ ಬದಲಾವಣೆ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸುವಾಗ ಮುಂಬಯಿಯಲ್ಲಿ ಹುಟ್ಟಿದ ಮಕ್ಕಳ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಿ. ಪಹಣಿಯಲ್ಲಿ "ಬಿನ್" ಎಂದು ಅಜ್ಜನ ಹೆಸರು, ಮುಂಬಯಿ ಮರಣ ಪ್ರಮಾಣಪತ್ರದಲ್ಲಿ ಕೊನೆಗೆ ಕುಲನಾಮ ಇರುವುದು ನಮ್ಮವರಲ್ಲಿ ಮಾಮೂಲು. ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಜೊತೆ ಎರಡೂ ರೂಪದ ಹೆಸರಿರುವ ಹಳೆಯ ದಾಖಲೆ ಇದ್ದರೆ ಕೊಡಿ. ಮರಣ ಪ್ರಮಾಣಪತ್ರದಲ್ಲೇ ಕಾಗುಣಿತ ತಪ್ಪಿದ್ದರೆ ಮೊದಲು ವಾರ್ಡ್ ಕಚೇರಿಯಲ್ಲಿ ಅದನ್ನು ತಿದ್ದಿಸಿ, ಉಳಿದೆಲ್ಲವೂ ಆಮೇಲೆ.

ಒಬ್ಬ ವಾರಸುದಾರರು ಒಪ್ಪದಿದ್ದರೆ, ಎಲ್ಲಿದ್ದಾರೆಂದೇ ತಿಳಿಯದಿದ್ದರೆ, ಉಯಿಲು ಯಾರನ್ನಾದರೂ ಪೂರ್ತಿ ಕೈಬಿಟ್ಟು ಅವರು ಸಿಟ್ಟಾಗಿದ್ದರೆ, ಕಡ್ಡಾಯವಲ್ಲದಿದ್ದರೂ ಪ್ರೊಬೇಟ್ ಪಡೆಯುವುದೇ ಒಳ್ಳೆಯದು. ಮಹಾರಾಷ್ಟ್ರದಲ್ಲಿ ಅದರ ಕೋರ್ಟ್ ಶುಲ್ಕಕ್ಕೆ 75,000 ರೂಪಾಯಿಯ ಗರಿಷ್ಠ ಮಿತಿಯಿದೆ. ನಿಮ್ಮ ಮನೆಯಲ್ಲಿ ಆ ಪರಿಸ್ಥಿತಿ ಇಲ್ಲ.

ಕೊನೆಯ ಪ್ರಶ್ನೆಗೆ ಬಿಚ್ಚುಮನಸ್ಸಿನಿಂದ ಹೇಳುತ್ತೇನೆ: ಫ್ಲ್ಯಾಟನ್ನು ನೇರವಾಗಿ ನಿಮ್ಮ ಹೆಸರಿಗೆ ಮಾಡಿಸಬೇಡಿ. ಉಯಿಲು ತಾಯಿಗೆ ಎಂದಿದೆ, ಅರ್ಧವಂತೂ ಅವರದೇ. ಅವರು ಬದುಕಿರುವವರೆಗೆ ಸೂರು ಅವರ ಹೆಸರಿನಲ್ಲೇ ಇರಲಿ. ದಾನಪತ್ರ ಒಮ್ಮೆ ನೋಂದಣಿಯಾದರೆ ಹಿಂಪಡೆಯುವುದು ಕಷ್ಟ. 2007ರ ಹಿರಿಯ ನಾಗರಿಕರ ಕಾಯ್ದೆಯ ಸೆಕ್ಷನ್ 23ರಡಿ ರದ್ದು ಮಾಡಿಸಬೇಕಾದರೂ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟದ್ದು ಎಂದು ತೋರಿಸಬೇಕಾಗುತ್ತದೆ. ಮುಂದೆ ಮನೆ ನಿಮಗೇ ಬರಲಿ ಎಂಬುದು ಅವರ ಇಚ್ಛೆಯಾಗಿದ್ದರೆ ಅವರೇ ಉಯಿಲು ಬರೆಯಲಿ. ಅವರಿಗಿಂತ ಕಿರಿಯರಾದ ಇಬ್ಬರು ಸಾಕ್ಷಿಗಳಿರಲಿ, ಅದೇ ದಿನದ ವೈದ್ಯರ ಪ್ರಮಾಣಪತ್ರ ಇರಲಿ, ಉಯಿಲನ್ನು ಜಾರಿ ಮಾಡುವವರ ಹೆಸರೂ "ಉಳಿದ ಎಲ್ಲ ಆಸ್ತಿ" ಎಂಬ ಸಾಲೂ ಇರಲಿ, ನೋಂದಣಿಯೂ ಆಗಲಿ. ಉಯಿಲು ಇಲ್ಲದಿದ್ದರೆ ಅವರ ನಂತರ ಮನೆ ನಿಮ್ಮ ಮೂವರಿಗೂ ಸಮಪಾಲು. ಸೊಸೈಟಿಯಲ್ಲಿ ಅವರ ಹೆಸರು ಬಂದ ದಿನವೇ ನಾಮಿನೇಶನ್ ಅರ್ಜಿಯನ್ನು ಮೂರು ಪ್ರತಿಗಳಲ್ಲಿ ಕೊಟ್ಟು, ಸಮಿತಿಯ ಮೊಹರಿರುವ ಒಂದು ಪ್ರತಿಯನ್ನು ಉಯಿಲಿನ ಜೊತೆಗಿಡಿ.